ರಬ್ಬರ್ ಸಾರ್ ಅಳಿಸಿದ ಒಂದು ಗೆರೆ

ನನ್ನ ಗಂಡ ಕೆಲಸ ಮಾಡುವ ಸಂಶೋಧನಾ ಸಂಸ್ಥೆಯಲ್ಲಿ ಪ್ರತಿಯೊಬ್ಬರೂ ಏನಾದರೊಂದನ್ನು ಕಂಡುಹಿಡಿಯುತ್ತಾರೆ. ಅವರು ಕಂಡುಹಿಡಿದದ್ದನ್ನು ಅಳಿಸುವುದು ಇವರ ಕೆಲಸ. ಮದುವೆಗೆ ಮುಂಚೆ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹುಡುಗ ಸಂಖ್ಯಾಶಾಸ್ತ್ರ ಓದಿದ್ದಾನೆ, ದೊಡ್ಡ ಲ್ಯಾಬಿನಲ್ಲಿದ್ದಾನೆ ಎಂದರು. ಏನೋ ಘನಂದಾರಿ ಕೆಲಸವೇ ಇರಬೇಕೆಂದು ನಾನೂ ಹೂಂ ಅಂದುಬಿಟ್ಟೆ. ಅಲ್ಲಿಯವರು ಬೆನ್ನ ಹಿಂದೆ ಇವರನ್ನು 'ರಬ್ಬರ್ ಸಾರ್' ಎನ್ನುತ್ತಾರೆಂದು ತಿಳಿದದ್ದು ಆಮೇಲೆ. ಬೆನ್ನ ಹಿಂದೆ ಏನು ಬಂತು, ಎದುರಿಗೇ ಅನ್ನುತ್ತಾರೆ. ಇವರಿಗೆ ಅದರಿಂದ ಬೇಜಾರಿಲ್ಲ. ಬೇಜಾರೆಲ್ಲ ನನಗೇ.

ನಾನು ಕಾರು ಓಡಿಸುವುದನ್ನು ಕಲಿಸುವವಳು. ನನ್ನ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇದೆ. ಅದರ ಮೇಲೆ ಕಾಲಿಟ್ಟುಕೊಂಡು ದಿನವಿಡೀ ಕಂಡಕಂಡವರ ಪ್ರಾಣ ಉಳಿಸಿ, ಉಳಿಸಿದ್ದಕ್ಕೆ ಅವರದೇ ಗಂಟುಮುಖ ನೋಡಿಕೊಂಡು ಮನೆಗೆ ಬರುತ್ತೇನೆ. ಹಾಗಾಗಿ ಮನೆಯಲ್ಲಿ ಯಾರಾದರೂ ಪಾಠ ಹೇಳಲು ಶುರುಮಾಡಿದರೆ ನನಗೆ ತಡೆಯಲಾಗುವುದಿಲ್ಲ. ಇವರು ತಮ್ಮ ಕೆಲಸವನ್ನು ನನ್ನ ತಲೆಗೆ ಹತ್ತಿಸಲು ವರ್ಷಗಟ್ಟಲೆ ಹೆಣಗಿದರು. ನನಗೆ ಹತ್ತಿದಷ್ಟನ್ನು ಹೇಳುತ್ತೇನೆ.

ಲಿವರ್ ಒಳಗೊಳಗೇ ಗಟ್ಟಿಯಾಗುತ್ತ ಹೋಗುವ ಒಂದು ಕಾಯಿಲೆ ಇದೆ. ಆ ರೋಗಿಗಳ ಲಿವರಿನಿಂದ ಒಂದು ಚೂರು ತೆಗೆದು, ಅದರಲ್ಲಿ ಎರಡು ಸಾವಿರ ಜೀನುಗಳು ಎಷ್ಟೆಷ್ಟು ಚುರುಕಾಗಿವೆ ಎಂದು ಇವರ ಸಂಸ್ಥೆಯಲ್ಲಿ ಅಳೆಯುತ್ತಾರೆ. ಒಂದೊಂದು ಜೀನಿಗೂ ಒಂದೊಂದು ಚುಕ್ಕಿ. ಯಾವ ಎರಡಕ್ಕೆ ನೇರ ಸಂಬಂಧ ಇದೆ ಅನ್ನಿಸುತ್ತದೋ ಅವುಗಳ ನಡುವೆ ಒಂದು ಗೆರೆ. ಎಲ್ಲ ಗೆರೆ ಎಳೆದ ಮೇಲೆ ಆಗುವುದೇ ಜಾಲ. ಜಾಲ ಸಿಕ್ಕಿದರೆ ಕಾಯಿಲೆಯ ಜುಟ್ಟು ಸಿಕ್ಕಿದ ಹಾಗೆ. ಯಾವ ಚುಕ್ಕಿಯನ್ನು ಔಷಧಿಯಿಂದ ಹಿಡಿದು ನಿಲ್ಲಿಸಬೇಕೆಂದು ಗೊತ್ತಾಗುತ್ತದೆ.

"ಎರಡು ಸಾವಿರ ಚುಕ್ಕಿಯಲ್ಲಿ ಎಷ್ಟು ಜೋಡಿ ಆಗತ್ತೆ ಹೇಳು?" ಎಂದು ಒಮ್ಮೆ ಊಟದ ನಡುವೆ ಕೇಳಿದರು.

"ನಾನೇನು ಪರೀಕ್ಷೆಗೆ ಕೂತಿದೀನಾ? ನೀವೇ ಹೇಳಿ."

"ಹತ್ತಿರ ಹತ್ತಿರ ಇಪ್ಪತ್ತು ಲಕ್ಷ. ಅದರಲ್ಲಿ ಒಂದು ಜೋಡಿಗೂ ಸಂಬಂಧ ಇಲ್ಲ ಅಂತಾನೇ ಇಟ್ಕೋ. ನೂರಕ್ಕೆ ಐದು ತಪ್ಪಾದ್ರೆ ಪರವಾಗಿಲ್ಲ ಅಂತ ನೋಡಿದ್ರೂ ಒಂದು ಲಕ್ಷ ಗೆರೆ ಎದ್ದು ಕೂತ್ಕೊಳತ್ತೆ. ಒಂದು ಲಕ್ಷಾನೂ ಸುಳ್ಳು."

"ಅಷ್ಟೊಂದಾ?" ಎಂದೆ. ಆವತ್ತು ಮೊದಲ ಸಲ ಇವರ ಕೆಲಸದ ಬಗ್ಗೆ ಸ್ವಲ್ಪ ಗೌರವ ಬಂತು.

ಸುಳ್ಳು ಗೆರೆ ಹಿಡಿಯುವುದಕ್ಕೆ ಇವರದೊಂದು ಉಪಾಯ ಇದೆ. ಪ್ರತಿಯೊಂದು ಅಸಲಿ ಜೀನಿಗೂ ಕಂಪ್ಯೂಟರಿನಲ್ಲಿ ಒಂದು ಡೂಪ್ ತಯಾರಿಸುತ್ತಾರೆ, ಸಿನಿಮಾದಲ್ಲಿ ನಾಯಕನ ಬದಲು ಮಹಡಿಯಿಂದ ಹಾರುವವನು ಇರುತ್ತಾನಲ್ಲ, ಅಂಥದ್ದು. ನೋಡಲು ಅಸಲಿಯ ಹಾಗೇ, ಗುಂಪಿನೊಡನೆ ಏರಿಳಿಯುವುದೂ ಅಸಲಿಯ ಹಾಗೇ. ಆದರೆ ನಿಜವಾಗಿ ಯಾರ ಜೊತೆಗೂ ನೇರ ಸಂಬಂಧವಿಲ್ಲ. ಅಸಲಿ, ಡೂಪ್ ಎಲ್ಲವನ್ನೂ ಬೆರೆಸಿ ಗೆರೆ ಎಳೆ ಎಂದು ಯಂತ್ರಕ್ಕೆ ಹೇಳುತ್ತಾರೆ. ಡೂಪುಗಳಿಗೆ ಅದು ಎಷ್ಟು ಗೆರೆ ಎಳೆಯಿತೋ, ಅಸಲಿಗಳ ಗೆರೆಯಲ್ಲೂ ಸುಮಾರು ಅಷ್ಟು ಸುಳ್ಳು ಸೇರಿಕೊಂಡಿದೆ ಎಂದು ಲೆಕ್ಕ. ಆ ಲೆಕ್ಕದ ಮೇಲೆ ಬಿಗಿ ಮಾಡುತ್ತ ಹೋಗಿ, ಕೊನೆಗೆ ಉಳಿದ ಗೆರೆಗಳಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ಸುಳ್ಳು ಇರದ ಹಾಗೆ ನೋಡಿಕೊಳ್ಳುತ್ತಾರೆ. ಮಿಕ್ಕದ್ದೆಲ್ಲ ರಬ್ಬರಿಗೆ.

ಡೂಪುಗಳನ್ನು ಕಂಪ್ಯೂಟರು ದಾಳ ಉರುಳಿಸಿದಂತೆ ಉರುಳಿಸಿ ಮಾಡುತ್ತದೆ. ಪ್ರತಿ ಸಲ ಮಾಡಿದಾಗಲೂ ಚೂರು ಬೇರೆ. ಆದ್ದರಿಂದ ಅವನ್ನು ಒಂದೇ ಸಲ ಮಾಡಬೇಕು, ಬಂದದ್ದನ್ನು ಒಪ್ಪಿಕೊಳ್ಳಬೇಕು. ಇದು ಇವರೇ ತಂದ ಕಟ್ಟಳೆ. ಯಾರ ಜಾಲವನ್ನೇ ಪರೀಕ್ಷಿಸಲಿ, ಅದನ್ನು ತೆರೆಯುವ ಮೊದಲು ಸಂಸ್ಥೆಯ ಟೀ ಕೋಣೆಗೆ ಹೋಗಿ, ಟೀ ಕಪ್ಪನ್ನು ಕೈಯಲ್ಲಿ ಹಿಡಿದು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ಹತ್ತಕ್ಕೊಂದು. ಡೂಪ್ ಒಂದೇ ಸಲ" ಎನ್ನುತ್ತಾರೆ. ಕೂತವರು ಬಿಸ್ಕತ್ತು ಅಗಿಯುತ್ತಲೇ "ಆಯ್ತು ಸಾರ್" ಎನ್ನುತ್ತಾರೆ. ಆಮೇಲೆಯೇ ಇವರು ಹೋಗಿ ಜಾಲ ತೆರೆಯುವುದು. ಮೊದಲು ನೋಡಿ, ಆಮೇಲೆ ತನಗೆ ಬೇಕಾದ ಹಾಗೆ ಬಿಗಿ ಸಡಿಲ ಮಾಡಿಕೊಳ್ಳಬಾರದು ಎಂಬುದಕ್ಕೆ ಇಷ್ಟೆಲ್ಲ. ಸಂಸ್ಥೆಯ ಯಜಮಾನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ; ಒಮ್ಮೆ ಇವರು ಆಕೆಯ ಸ್ವಂತ ಜಾಲದಲ್ಲೇ ಮುಕ್ಕಾಲು ಪಾಲು ಗೆರೆ ಅಳಿಸಿ ಕೈಗಿಟ್ಟು ಬಂದಿದ್ದರು. ಆಕೆ ತುಟಿ ಪಿಟಕ್ ಎನ್ನಲಿಲ್ಲ. ರಬ್ಬರ್ ಸಾರ್ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಇವರ ಆಸ್ತಿ ಎಂದರೆ ಅದೊಂದೇ.

ಆದರೆ ಅಂಥ ಆಸ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಲೇಖನ ಅಚ್ಚಾದಾಗ ಕಂಡುಹಿಡಿದವರ ಹೆಸರು ಮುಂದೆ, ಯಜಮಾನಿಯ ಹೆಸರು ಕೊನೆಗೆ. ಇವರದು ನಡುವೆ ಎಲ್ಲೋ, ತುಂಬಿದ ಬಸ್ಸಿನಲ್ಲಿ ಕಂಬ ಹಿಡಿದು ನಿಂತವರ ಹಾಗೆ. ಫೋಟೋ ತೆಗೆಯುವವರು ಬಂದಾಗ ಮೈಕ್ರೋಸ್ಕೋಪಿನ ಮುಂದೆ ಬಿಳಿ ಕೋಟಿನವರನ್ನು ಕೂರಿಸುತ್ತಾರೆ. ಅಳಿಸುವವನ ಫೋಟೋ ತೆಗೆದು ಏನು ಮಾಡುವುದು?

ಆ ಬಿಳಿ ಕೋಟಿನವರಲ್ಲಿ ಇವರ ಷಡ್ಡಕನೂ ಒಬ್ಬ. ನನ್ನ ತಂಗಿಯ ಗಂಡ. ತಮಾಷೆ ಏನೆಂದರೆ ಅವನನ್ನು ಮನೆಗೆ ಕರೆತಂದವರು ಇವರೇ. ಹೊಸದಾಗಿ ಸೇರಿದ ಹುಡುಗ, ಜೀವಶಾಸ್ತ್ರದವನು, ಒಳ್ಳೆಯವನು, ಒಬ್ಬನೇ ಇದ್ದಾನೆ ಪಾಪ ಎಂದು ಟೀಗೆ ಕರೆದರು. ಆವತ್ತು ನನ್ನ ತಂಗಿಯೂ ನಮ್ಮ ಮನೆಯಲ್ಲಿದ್ದಳು. ಟೀ ಆರುವಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು.

ನನ್ನ ತಂಗಿಗೆ ಹುಟ್ಟಿದಾಗಿನಿಂದ ಎಲ್ಲವೂ ಸಲೀಸು. ನನ್ನ ಕೂದಲು ಉದುರುವ ವಯಸ್ಸಿನಲ್ಲಿ ಅವಳದು ಇನ್ನೂ ದಟ್ಟವಾಯಿತು. ನಮ್ಮ ಅಮ್ಮ ಇದ್ದಾಗ ಬಂದವರಿಗೆಲ್ಲ, "ದೊಡ್ಡವಳ ಗಂಡ ಒಳ್ಳೆಯವನು, ಚಿಕ್ಕವಳ ಗಂಡ ಜಾಣ" ಎನ್ನುತ್ತಿದ್ದಳು. ಒಳ್ಳೆಯವನು ಎಂದು ಯಾರನ್ನು ಕರೆಯುತ್ತಾರೆಂದು ನನಗೆ ಗೊತ್ತಿಲ್ಲವೆ! ತಂಗಿಯ ಮನೆಯ ಅಗಲ ಕಿಟಕಿಗಳು ಬೆಳಗಿನ ಬಿಸಿಲಿಗೆ ತೆರೆಯುತ್ತವೆ. ನಮ್ಮವು ಪಕ್ಕದ ಮನೆಯ ಗೋಡೆಗೆ. ನಾನು ಅವಳ ಮನೆಗೆ ಹೋದಾಗಲೆಲ್ಲ ಮೊದಲು ಕಿಟಕಿ ನೋಡುತ್ತೇನೆ, ಆಮೇಲೆ ಅವಳ ಮುಖ. ಹೊಟ್ಟೆ ಉರಿಯುತ್ತದೆ. ಉರಿಯುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಇವರಿಗೂ ಉರಿಯುತ್ತಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ. ಷಡ್ಡಕ ನೀಲಿ ಜಾಕೆಟ್ ತೊಟ್ಟು ಬಂದ ದಿನ, ನೀಲಿ ಬಣ್ಣ ಬೇಗ ಮಾಸುತ್ತದೆ ಎಂದರು. ಅವನ ಭಾಷಣಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ ಎಂದು ತಂಗಿ ಫೋನಿನಲ್ಲಿ ಹೇಳಿದಾಗ, ಆ ಸಭಾಂಗಣದ ಕುರ್ಚಿಗಳು ಬಹಳ ಗಟ್ಟಿ, ಯಾರಾದರೂ ಏಳಲೇಬೇಕು ಎಂದರು. ನಾನು ಬಿದ್ದು ಬಿದ್ದು ನಕ್ಕೆ. ನಮ್ಮಿಬ್ಬರ ದಾಂಪತ್ಯದಲ್ಲಿ ಅಷ್ಟು ಒಗ್ಗಟ್ಟು ಬೇರೆ ಯಾವ ವಿಷಯದಲ್ಲೂ ಇರಲಿಲ್ಲ.

ಹೀಗಿರುವಾಗ ಜೀನುಗಳ ಜಾಲಕ್ಕೆಂದೇ ಒಂದು ಹೊಸ ವಿಭಾಗ ತೆರೆಯುವುದಾಗಿ ದೊಡ್ಡ ಮೇಡಂ ಹೇಳಿದರು. ಅದಕ್ಕೆ ಮುಖ್ಯಸ್ಥ ಬೇಕು. ಲೆಕ್ಕದ ಕಡೆಯಿಂದ ಇವರು, ಜೀವಶಾಸ್ತ್ರದ ಕಡೆಯಿಂದ ಷಡ್ಡಕ. ಮೂರನೆಯವರ ಹೆಸರೇ ಇರಲಿಲ್ಲ. ತನಗೆ ಅದೆಲ್ಲ ಬೇಡ ಎಂದು ಇವರು ಮನೆಯಲ್ಲಿ ನಾಲ್ಕಾರು ಸಲ ಹೇಳಿದರು. ಹೇಳಿ ಹೊಸ ಬೂಟು ಕೊಂಡು ತಂದರು.

ಅದೇ ಹೊತ್ತಿಗೆ ಷಡ್ಡಕನ ಜಾಲದಲ್ಲಿ ಒಂದು ಗೆರೆ ಕಾಣಿಸಿಕೊಂಡಿತು. ಆ ಗೆರೆಯ ಒಂದು ತುದಿಯಲ್ಲಿದ್ದ ಜೀನನ್ನು ತಡೆಯುವ ಔಷಧಿ ಈಗಾಗಲೇ ಅಂಗಡಿಯಲ್ಲಿ ಸಿಗುತ್ತದೆ, ಬೇರೆ ಯಾವುದೋ ಕಾಯಿಲೆಗೆ. ಇನ್ನೊಂದು ತುದಿಯಲ್ಲಿದ್ದದ್ದು ಲಿವರನ್ನು ಗಟ್ಟಿ ಮಾಡುವ ಜೀನು. ಗೆರೆ ನಿಜವಾದರೆ ಆ ಹಳೆಯ ಔಷಧಿಯನ್ನೇ ಈ ರೋಗಕ್ಕೂ ಪ್ರಯತ್ನಿಸಬಹುದು. ಮೊದಲು ಇಲಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ. ಗೆರೆ ಉಳಿದರೆ ವಿಭಾಗ ಷಡ್ಡಕನಿಗೆ. ಬಿದ್ದರೆ ಇವರಿಗೆ. ಯಾರೂ ಹೀಗೆಂದು ಬಾಯಲ್ಲಿ ಹೇಳಲಿಲ್ಲ, ಟೀ ಕೋಣೆಯ ಗೋಡೆಗಳಿಗೂ ಗೊತ್ತಿತ್ತು.

ಪರೀಕ್ಷೆಯನ್ನು ಬೇರೆ ಯಾರಿಂದಾದರೂ ಮಾಡಿಸೋಣವೇ ಎಂದು ದೊಡ್ಡ ಮೇಡಂ ಕೇಳಿದರಂತೆ. ಷಡ್ಡಕನೇ ಒಪ್ಪಲಿಲ್ಲ.

"ಅಣ್ಣನೇ ನೋಡ್ಲಿ ಮೇಡಂ. ಬೇರೆ ಯಾರು ನೋಡಿ ಇದೆ ಅಂದ್ರೂ ನಂಗೆ ಸಮಾಧಾನ ಆಗಲ್ಲ" ಎಂದನಂತೆ. ಇವರು ಮನೆಗೆ ಬಂದು ಆ ಮಾತನ್ನು ನನಗೆ ಹೇಳುವಾಗ, ಬೈಗುಳ ಒಪ್ಪಿಸುವವರ ಮುಖ ಇತ್ತು.

ರಜದ ದಿನ, ಮಧ್ಯಾಹ್ನ. ನಾನು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಇವರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಹಿಂದಿನ ದಿನ ಟೀ ಕೋಣೆಯಲ್ಲಿ ಎಂದಿನಂತೆ ಎದ್ದು ನಿಂತು ಹತ್ತಕ್ಕೊಂದು, ಒಂದೇ ಸಲ ಎಂದು ಹೇಳಿ ಬಂದಿದ್ದರು. ಸ್ವಲ್ಪ ಹೊತ್ತಿಗೆ, "ಇದೆ" ಎಂದರು.

"ಏನಿದೆ?"

"ಗೆರೆ. ನಿಂತಿದೆ."

ನಾನು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದೆ. "ನಿಲ್ಲದೆ ಏನು? ಅವ್ರಿಗೆ ಇಲ್ದೆ ಇರೋದು ಯಾವುದಿದೆ ಹೇಳಿ! ಕಿಟಕಿ ಇದೆ, ಕೂದಲಿದೆ, ಈಗ ಗೆರೆನೂ ಆಯ್ತು" ಎಂದೆ.

ಇವರು ಕೀಲಿಮಣೆ ಒತ್ತಿದರು. ಲ್ಯಾಪ್‌ಟಾಪಿನ ಫ್ಯಾನು ಸೊಂಯ್ ಎಂದು ಹೊತ್ತು ಕಳೆದು ನಿಂತಿತು. ಇವರು ಪರದೆ ನೋಡಿ ತಲೆ ಅಲ್ಲಾಡಿಸಿ ಮತ್ತೆ ಒತ್ತಿದರು. ಮತ್ತೆ ಸೊಂಯ್. ಮತ್ತೆ ತಲೆ ಅಲ್ಲಾಟ. ಏನೋ ಇಸ್ಪೀಟು ಆಡುತ್ತಿದ್ದಾರೆ, ಮನಸ್ಸಿಗೆ ಕಷ್ಟವಾಗಿದೆ, ಆಡಲಿ ಬಿಡು ಎಂದುಕೊಂಡೆ. ಅಂಗಿಗಳು ಮುಗಿದು ದಿಂಬಿನ ಚೀಲಗಳಿಗೆ ಬಂದಿದ್ದೆ. ಆಗ ಇವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

"ಬಿತ್ತು" ಎಂದರು.

"ಏನ್ರೀ ಬಿತ್ತು?"

"ಗೆರೆ. ಇಲ್ಲ ಅದು."

ಹೇಗೆ, ಈಗ ತಾನೇ ಇದೆ ಎಂದಿರಲ್ಲ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಹೊಟ್ಟೆಯ ಉರಿ ತಣ್ಣಗಾಗಿತ್ತು. ಆ ಸಂಜೆ ಇವರ ಅಂಗಿಯೊಂದಕ್ಕೆ ಮತ್ತೊಮ್ಮೆ ಇಸ್ತ್ರಿ ಹಾಕಿದೆ, ಏನೂ ಸುಕ್ಕಿರಲಿಲ್ಲ.

ಗೆರೆ ಇಲ್ಲ ಎಂದು ಇವರು ಸಂಸ್ಥೆಯಲ್ಲಿ ಹೇಳಿದ ದಿನ ಷಡ್ಡಕ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ಇವರಿಗೆ ಚುಚ್ಚಿತು. ಜಗಳವಾಡಿದ್ದರೆ, ಕೂಗಾಡಿದ್ದರೆ, ನಿಮಗೆ ಹೊಟ್ಟೆಕಿಚ್ಚು ಎಂದು ಮುಖದ ಮೇಲೆ ಹೇಳಿದ್ದರೆ ಇವರು ಹಾಯಾಗಿ ಇರುತ್ತಿದ್ದರೋ ಏನೋ. ಅವನು ಇಲಿಗಳ ಪ್ರಯೋಗದ ತಯಾರಿ ನಿಲ್ಲಿಸಿ, ತರಿಸಲು ಹೇಳಿದ್ದ ಔಷಧಿಯನ್ನೂ ಬೇಡವೆಂದು ಹೇಳಿ, ಮುಂದಿನ ರಜದ ದಿನ ನಮ್ಮಿಬ್ಬರನ್ನೂ ಊಟಕ್ಕೆ ಕರೆದ.

ಹೋದೆವು. ತಂಗಿಯ ಕಣ್ಣು ಊದಿಕೊಂಡಿತ್ತು. ಈ ಸಲ ನಾನು ಕಿಟಕಿ ನೋಡಲೇ ಇಲ್ಲ, ನೆಟ್ಟಗೆ ಅವಳ ಮುಖವನ್ನೇ ನೋಡಿದೆ. ನನಗೆ ಖುಷಿಯಾಯಿತು. ಹಿಂದೆಯೇ ಅಯ್ಯೋ ಎಂದೂ ಅನ್ನಿಸಿತು, ಆದರೆ ಮೊದಲು ಬಂದದ್ದು ಖುಷಿಯೇ.

ಷಡ್ಡಕ ತಾನೇ ಎದ್ದು ನಿಂತು ಇವರಿಗೆ ಬಡಿಸಿದ. "ಅಣ್ಣ, ಹಾಕಿಸ್ಕೊಳ್ಳಿ, ಸಂಕೋಚ ಬೇಡ. ನೀವು ಉಳಿಸಿದ್ರಿ ನನ್ನ. ಇಲಿಗಳ ಮೇಲೆ ಎರಡು ವರ್ಷ ಮಣ್ಣುಪಾಲು ಮಾಡಿ, ಆಮೇಲೆ ಗೆರೆನೇ ಇರ್ಲಿಲ್ಲ ಅಂತ ಗೊತ್ತಾಗಿದ್ರೆ ನನ್ ಕಥೆ ಮುಗೀತಿತ್ತು."

ಇವರು ಬಾಯಿಗೆ ಹಾಕಿಕೊಂಡ ತುತ್ತನ್ನು ಅಗಿಯುತ್ತಲೇ ಇದ್ದರು.

"ಯಾಕೆ ಭಾವ, ಉಪ್ಪು ಕಡ್ಮೆ ಆಯ್ತಾ?" ಎಂದಳು ತಂಗಿ.

"ಇಲ್ಲಮ್ಮ. ಸರಿಯಾಗಿದೆ" ಎಂದು ನೀರು ಕುಡಿದರು.

ಹಿಂತಿರುಗುವಾಗ ಕಾರು ಓಡಿಸುತ್ತಿದ್ದವಳು ನಾನು. ಕೆಂಪು ದೀಪದಲ್ಲಿ ನಿಂತಾಗ ಇವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಹನ್ನೊಂದು ಸಲ ಮಾಡಿದೆ ಕಣೇ" ಎಂದರು.

"ಏನನ್ನ?"

"ಡೂಪುಗಳನ್ನ. ಆವತ್ತು ನೀನು ಇಸ್ತ್ರಿ ಹಾಕ್ತಿದ್ದಾಗ. ಹತ್ತು ಸಲ ಗೆರೆ ಹಾಗೇ ನಿಂತಿತ್ತು. ಹನ್ನೊಂದನೇ ಸಲ ಬಿತ್ತು. ಹನ್ನೊಂದನೇದನ್ನ ಮಾತ್ರ ತಗೊಂಡು ಹೋಗಿ ಕೊಟ್ಟೆ."

ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ನಾಟಕವಾಡುವಷ್ಟು ದಡ್ಡಿ ನಾನಲ್ಲ. ಆದರೂ, "ಅದಕ್ಕೇನೀಗ? ಹನ್ನೊಂದನೇ ಸಲ ಬಿದ್ದಿದ್ದೂ ನಿಜಾನೇ ತಾನೇ? ನೀವೇನು ಕೈಯಾರೆ ಅಳಿಸಿಲ್ವಲ್ಲ" ಎಂದೆ.

"ಯಾವ ಗೆರೆ ಆದ್ರೂ ಬೀಳೋವರೆಗೂ ದಾಳ ಹಾಕ್ತಾನೇ ಇದ್ರೆ ಒಂದಲ್ಲ ಒಂದ್ಸಲ ಬೀಳತ್ತೆ. ಬೇರೆಯವ್ರು ಇದೇ ಥರ ಮಾಡಿ ಇಲ್ದಿರೋ ಗೆರೆ ಹುಟ್ಟಿಸ್ತಾರೆ. ಅಂಥವ್ರನ್ನ ಎಷ್ಟು ಜನರನ್ನ ಹಿಡಿದಿದೀನಿ ನಾನು! ಈಗ ನಾನೇ ಇದೇ ಥರ ಮಾಡಿ ಇರೋ ಗೆರೆ ಅಳಿಸಿದೀನಿ. ವ್ಯತ್ಯಾಸ ಏನಿದೆ?"

"ವ್ಯತ್ಯಾಸ ಇದೆ. ಯಾರಿಗೂ ಗೊತ್ತಿಲ್ಲ."

ಹಸಿರು ದೀಪ ಬಂದಿತ್ತು. ಹಿಂದಿನವನು ಹಾರ್ನ್ ಹೊಡೆದ. ಬೇರೆಯವರಿಗೆ ದಿನವೂ ಬುದ್ಧಿ ಹೇಳುವ ನಾನು ಗೇರು ತಪ್ಪಿಸಿ ಕಾರನ್ನು ಒಂದು ಸಲ ಎಗರಿಸಿ ಮುಂದೆ ತೆಗೆದುಕೊಂಡೆ. ಸಿಟ್ಟು ನೆತ್ತಿಗೇರಿತ್ತು. ಇಷ್ಟು ವರ್ಷ ನಡುವೆ ಕಂಬ ಹಿಡಿದು ನಿಂತವರಿಗೆ ಒಂದು ಸಲ ಕೂರಲು ಜಾಗ ಸಿಕ್ಕಿದೆ, ಈಗ ಇವರು ಎದ್ದು ನಿಲ್ಲುತ್ತೇನೆ ಎನ್ನುತ್ತಿದ್ದಾರೆ!

"ಬಾಯಿ ಮುಚ್ಕೊಂಡಿರಿ" ಎಂದೆ. "ಅವ್ನಿಗೇನೂ ಆಗಲ್ಲ. ಇನ್ನೊಂದು ಗೆರೆ ಹುಡುಕ್ತಾನೆ. ಅವ್ರಿಗೆ ಎಲ್ಲ ಸಿಗತ್ತೆ. ನಮಗೆ ಇದೊಂದು. ನನ್ನಾಣೆ ಇದೆ, ಬಾಯಿಬಿಟ್ರೆ ನೋಡಿ."

"ಆ ರೋಗಿಗಳು?"

"ಆ ರೋಗಿಗಳು ನಿಮ್ ಷಡ್ಡಕನ ಗೆರೆ ಕಾಯ್ತಾ ಕೂತಿದಾರಾ?" ಎಂದೆ. ಕೂತಿದ್ದಾರೆಂದು ನನಗೂ ಗೊತ್ತಿತ್ತು. ಮನೆ ತಲುಪುವವರೆಗೂ ನಾನೊಬ್ಬಳೇ ಮಾತಾಡಿದೆ.

ಆಮೇಲೆ ಇವರು ಬಾಯಿಬಿಡಲಿಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟರು ಎಂದೇ ತಿಳಿದುಕೊಂಡೆ. ದೊಡ್ಡ ಮೇಡಂ ಇವರನ್ನೇ ಮುಖ್ಯಸ್ಥರನ್ನಾಗಿ ಮಾಡುವುದಾಗಿ ತೀರ್ಮಾನಿಸಿ, ಅದನ್ನು ಹೇಳಲು ಟೀ ಕೋಣೆಯಲ್ಲಿ ಒಂದು ಸಣ್ಣ ಕೂಟ ಇಟ್ಟರು. ಮನೆಯವರನ್ನೂ ಕರೆದಿದ್ದರು. ನಾನು ಇರುವುದರಲ್ಲಿ ಒಳ್ಳೆಯದನ್ನು ಉಟ್ಟು ಹೋದೆ. ಆವತ್ತು ತರಬೇತಿಗೆ ಬರಬೇಕಿದ್ದವರಿಗೆಲ್ಲ ಕಾರು ಕೆಟ್ಟಿದೆ ಎಂದಿದ್ದೆ.

ಟೀ ಕೋಣೆ ಎಂದರೆ ಅಂಥ ದೊಡ್ಡದೇನಲ್ಲ. ಒಂದು ಸಿಂಕು, ಹಬೆ ಬಿಡುವ ಕೆಟಲು, ತೊಳೆದು ಬೋರಲು ಹಾಕಿದ ಕಪ್ಪುಗಳು, ಮಡಚುವ ಕುರ್ಚಿಗಳು. ತಂಗಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಮುಂದಿನ ಸಾಲು. ಹುಟ್ಟಿದಾಗಿನಿಂದ ನಾವಿಬ್ಬರೂ ಎಲ್ಲೂ ಹೀಗೆ ಕೂತಿರಲಿಲ್ಲ. ನಾನು ತಿರುಗಿ ಅವಳತ್ತ ನೋಡಿ ನಕ್ಕೆ. ಅವಳು ಪಾಪ, ನಗುವಿಗೆ ನಗು ಕೊಟ್ಟಳು.

ದೊಡ್ಡ ಮೇಡಂ ಮಾತು ಶುರುಮಾಡುವ ಮೊದಲೇ ಇವರು ಎದ್ದು ನಿಂತರು. ಕೈಯಲ್ಲಿ ಕಪ್ಪಿತ್ತು.

"ಹನ್ನೊಂದು" ಎಂದರು.

ಅಭ್ಯಾಸ ಬಲದಿಂದ ಹಿಂದಿನಿಂದ ಯಾರೋ, "ಆಯ್ತು ಸಾರ್" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಇವರನ್ನೇ ದುರುಗುಟ್ಟಿ ನೋಡಿದೆ. ಇವರು ನನ್ನ ಕಡೆ ನೋಡಲೇ ಇಲ್ಲ.

"ಡೂಪ್ ಒಂದೇ ಸಲ ಮಾಡ್ತೀನಿ ಅಂತ ಇಲ್ಲೇ ನಿಂತು ಹೇಳಿದ್ದೆ. ಹನ್ನೊಂದು ಸಲ ಮಾಡಿದೆ. ಮೊದಲನೇ ಸಲ ಗೆರೆ ಇತ್ತು. ಹತ್ತನೇ ಸಲದವರೆಗೂ ಇತ್ತು. ಬಿದ್ದಿದ್ದು ಕೊನೇ ಸಲ. ನಾನು ಕೊಟ್ಟಿದ್ದು ಕೊನೇದು."

ಕೆಟಲು ಕುದಿದು ತಾನಾಗಿ ಆರಿತು. ದೊಡ್ಡ ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬಾಗಿಲ ಬಳಿ ನಿಂತಿದ್ದ ಷಡ್ಡಕ ಎರಡು ಹೆಜ್ಜೆ ಮುಂದೆ ಬಂದ.

"ಅಣ್ಣ, ಎಲ್ಲರದ್ದೂ ಹೀಗೇನಾ? ಇಲ್ಲಾ ನಂದೊಂದೇನಾ?"

ಎಲ್ಲರ ಕಣ್ಣೂ ಇವರ ಮೇಲೆ. ಅಲ್ಲಿದ್ದ ಒಬ್ಬೊಬ್ಬರ ಕೆಲಸವೂ ಒಂದಲ್ಲ ಒಂದು ದಿನ ಇವರ ರಬ್ಬರಿಗೆ ಸಿಕ್ಕಿದ್ದೇ.

"ನಿಂದೊಂದೇ" ಎಂದರು.

"ಯಾಕೆ?"

"ಹೊಟ್ಟೆಕಿಚ್ಚು ಕಣೋ. ಇನ್ನೇನು ಕಾರಣ ಇರತ್ತೆ?"

ಹೇಳಿದವರು ಕೂರಲಿಲ್ಲ, ಹೊರಗೂ ಹೋಗಲಿಲ್ಲ. ಸಿಂಕಿನ ಹತ್ತಿರ ಹೋಗಿ ತಮ್ಮ ಕಪ್ಪನ್ನು ತೊಳೆಯತೊಡಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾನು ಉಟ್ಟು ಬಂದ ಒಳ್ಳೆಯ ಬಟ್ಟೆ ಮೈಗೆ ಮುಳ್ಳಾಯಿತು.

ಮುಂದೆ ನಡೆದದ್ದೆಲ್ಲ ಸರಿಯಾಗಿಯೇ ನಡೆಯಿತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ದೊಡ್ಡ ಮೇಡಂ ಇನ್ನೊಂದು ಆಸ್ಪತ್ರೆಯಿಂದ ಹೊಸದಾಗಿ ರೋಗಿಗಳ ಲಿವರಿನ ಚೂರುಗಳನ್ನು ತರಿಸಿ, ಬೇರೊಬ್ಬ ಲೆಕ್ಕದವಳ ಕೈಗೆ ಕೊಟ್ಟರು. ಅವಳೂ ಟೀ ಕೋಣೆಯಲ್ಲಿ ನಿಂತು ಹತ್ತಕ್ಕೊಂದು, ಒಂದೇ ಸಲ ಎಂದು ಹೇಳಿಯೇ ತೆರೆದಳು. ಗೆರೆ ಇತ್ತು. ಇಲಿಗಳು ಬಂದವು. ವಿಭಾಗ ಷಡ್ಡಕನಿಗೆ ಹೋಯಿತು. ಇವರ ಕೆಲಸ ಉಳಿಯಿತು, ಆದರೆ ಈಗ ಇವರು ಏನು ಅಳಿಸಿದರೂ ಇನ್ನೊಬ್ಬರು ಕೂತು ಮತ್ತೆ ನೋಡುತ್ತಾರೆ. ಹಿಂದೆ ಅಳಿಸಿದ ಜಾಲಗಳನ್ನೂ ಒಂದೊಂದಾಗಿ ತೆಗೆದು ನೋಡಿದರು. ಒಂದರಲ್ಲೂ ಮೋಸ ಸಿಗಲಿಲ್ಲ. ಅದನ್ನು ಮಾತ್ರ ಯಾರೂ ಟೀ ಕೋಣೆಯಲ್ಲಿ ಎದ್ದು ನಿಂತು ಹೇಳಲಿಲ್ಲ.

ನಾನು ಇವರ ಜೊತೆ ಮಾತು ಬಿಟ್ಟಿದ್ದೆ. ಊಟ ಎಂದರೆ ಊಟ, ನೀರು ಎಂದರೆ ನೀರು. ಅಷ್ಟು ಜನರ ಮುಂದೆ ನಾನಿಟ್ಟ ಆಣೆಯನ್ನು ಗಾಳಿಗೆ ತೂರಿದವರ ಜೊತೆ ಇನ್ನೇನು ಮಾತು? ಇವರು ರಾತ್ರಿ ಗೊರಕೆ ಹೊಡೆದು ನಿದ್ದೆ ಮಾಡುತ್ತಿದ್ದರು. ಆ ಗೊರಕೆ ಕೇಳಿದರೂ ನನಗೆ ಹೊಟ್ಟೆಕಿಚ್ಚು.

ಒಂದು ಸಂಜೆ ತಂಗಿ ಬಂದಳು. ಒಬ್ಬಳೇ. ಗೆದ್ದು ಬೀಗಲು ಬಂದಿದ್ದಾಳೆ ಎಂದುಕೊಂಡು ನಾನು ಸೆಟೆದು ಕೂತೆ. ಇವರು ಅವಳನ್ನು ಕಂಡು ಒಂದು ನಗೆ ನಕ್ಕು, ಟೀ ಮಾಡುತ್ತೇನೆ ಎಂದು ಅಡಿಗೆಮನೆಗೆ ಹೋದರು. ನಮ್ಮ ಅಡಿಗೆಮನೆಗೂ ಕೂರುವ ಕೋಣೆಗೂ ನಡುವೆ ಬಾಗಿಲಿಲ್ಲ.

ತಂಗಿ ಸೀರೆಯ ಸೆರಗಿನ ತುದಿ ಸುತ್ತುತ್ತ, "ಅಕ್ಕ, ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯತ್ತೆ" ಎಂದಳು.

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅವಳನ್ನೇ ನೋಡಿದೆ. "ನನ್ನ ಕಂಡ್ರಾ? ಏನಿದೆಯಮ್ಮ ನನ್ ಹತ್ರ?"

"ಆವತ್ತು ಮನೆಗೆ ಹೋದ್ಮೇಲೆ ನಮ್ಮನೆಯವ್ರು ಏನಂದ್ರು ಗೊತ್ತಾ? ಅಣ್ಣನ ಜಾಗದಲ್ಲಿ ನಾನಿದ್ದಿದ್ರೆ ಬಾಯೇ ಬಿಡ್ತಿರ್ಲಿಲ್ಲ ಕಣೇ ಅಂದ್ರು. ನಗ್ತಾ ಅಂದ್ರು. ತಮಾಷೆಗೇ ಅಂದಿರ್ಬೋದು. ಆದ್ರೆ ಆವತ್ತಿಂದ ಅವ್ರು ಬಂದು ಏನು ಹೇಳಿದ್ರೂ, ಇನ್ನೇನು ಹೇಳ್ದೆ ಬಿಟ್ಟಿದಾರೋ ಅನ್ನೋ ಯೋಚ್ನೆ ನಂಗೆ. ಮೊಬೈಲ್ ಇಟ್ಟು ಸ್ನಾನಕ್ಕೆ ಹೋದ್ರೆ ಅದನ್ನೇ ನೋಡ್ತಾ ಕೂತಿರ್ತೀನಿ. ನಿಂಗೆ ಇದ್ಯಾವ್ದೂ ಇಲ್ಲ. ನಿನ್ ಗಂಡನಿಗೆ ಹೊಟ್ಟೆಕಿಚ್ಚಾದ್ರೂ ಊರಿಗೆಲ್ಲ ಕೇಳೋ ಹಾಗೆ ಹೇಳ್ತಾರೆ. ಪುಣ್ಯವಂತೆ ನೀನು."

ಅವಳ ಮುಖ ನೋಡಿದೆ. ಸುಳ್ಳಿರಲಿಲ್ಲ, ನಾಟಕವಿರಲಿಲ್ಲ. ನಾನು ಇಷ್ಟು ವರ್ಷ ಅವಳ ಕಿಟಕಿಗಳನ್ನು ಯಾವ ಕಣ್ಣಿಂದ ನೋಡಿದ್ದೆನೋ ಅದೇ ಕಣ್ಣು.

"ನೀನೇ ಹೇಳಿರ್ಬೇಕು ಅಲ್ವಾ ಅಕ್ಕ?" ಎಂದಳು. "ಭಾವ ಒಬ್ರೇ ಅಷ್ಟು ಧೈರ್ಯ ಮಾಡೋರಲ್ಲ. ಹೋಗಿ ಎಲ್ಲರ ಮುಂದೆ ಒಪ್ಕೊಳ್ಳಿ ಅಂತ ನೀನೇ ಕಳ್ಸಿರ್ಬೇಕು."

ಅಡಿಗೆಮನೆಯಲ್ಲಿ ಚಮಚದ ಸದ್ದು ನಿಂತಿತು.

ಇಲ್ಲ ಎನ್ನಬೇಕಾಗಿತ್ತು. ಬಾಯಿ ಮುಚ್ಚಿಕೊಂಡಿರಿ ಎಂದವಳು ನಾನು, ಆಣೆ ಹಾಕಿದವಳು ನಾನು, ಆಮೇಲೆ ಮಾತು ಬಿಟ್ಟವಳೂ ನಾನೇ. ಆದರೆ ನನ್ನ ತಂಗಿ ಹುಟ್ಟಿದಾಗಿನಿಂದ ನನ್ನ ಹತ್ತಿರ ಇರುವ ಏನನ್ನೂ ಹೀಗೆ ಆಸೆಪಟ್ಟು ನೋಡಿದವಳಲ್ಲ. ನಾನು ಹಾಕಿ ಬಿಟ್ಟ ಬಟ್ಟೆಯನ್ನೂ ಅವಳು ಬೇಡ ಎಂದವಳೇ. ಕೈಗೆ ಬಂದದ್ದನ್ನು ಹೇಗೆ ಬಿಡಲಿ?

"ಹೂಂ" ಎಂದೆ. "ನಾನೇ ಹೇಳ್ದೆ."

ಇವರು ತಟ್ಟೆ ಹಿಡಿದು ಹೊರಗೆ ಬಂದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ನಾನು ಕಣ್ಣು ತಗ್ಗಿಸಿದೆ. ಈಗ ಹೇಳುತ್ತಾರೆ, ಇವರ ಬಾಯಿಗೆ ಬೀಗ ಎಲ್ಲಿದೆ ಎಂದು ಕಾದೆ. ಇವರು ಬಗ್ಗಿ ತಂಗಿಯ ಮುಂದೆ ಕಪ್ಪು ಇಟ್ಟು, "ಸಕ್ಕರೆ ಸಾಕಾ ನೋಡಮ್ಮ" ಎಂದರು.